ರಬ್ಬರಿನ ಅಳತೆ

ಕಾಲೇಜಿನ ಹುಡುಗ ಬಂದಿದ್ದ, ಕುತ್ತಿಗೆಗೆ ಟೈ.
ಅಜ್ಮಾನಿನ ಇಂಡಸ್ಟ್ರಿಯಲ್ ಏರಿಯಾದ ಜುಲೈ ಬಿಸಿಲಿಗೆ
ಟೈ ಕೂಡ ಬೆವರುತ್ತಿತ್ತು.
ಕೈಯಲ್ಲಿ ಎಂಟು ಪುಟದ ಪ್ರಶ್ನಾವಳಿ:
‘ನಿಮ್ಮ ಸಣ್ಣ ಸಂಸ್ಥೆ ಗಡಿ ದಾಟಿ ಬೆಳೆಯಲು
ಕಾರಣವಾದ ಅಂಶಗಳು ಯಾವುವು, ಮೇಡಂ?’
ಉತ್ತರಕ್ಕೆ ಎರಡು ಗೆರೆ ಜಾಗ.

ಕೂತ್ಕೊ ಮಗಾ, ಮೊದಲು ಸುಲೈಮಾನಿ ಕುಡಿ.

ನಾವು ಮಾಡುವುದು ಕೋಲ್ಡ್ ಸ್ಟೋರೇಜಿನ ಬಾಗಿಲು.
ಬಾಗಿಲನ್ನು ಯಾರೂ ಮಾಡಿಯಾರು ಮಾರಾಯ,
ನಮ್ಮ ಅನ್ನ ಇರುವುದು ಅದರ ಅಂಚಿನ ರಬ್ಬರಿನಲ್ಲಿ.
ಸರಿಯಿದ್ದಾಗ ಯಾರ ಕಣ್ಣಿಗೂ ಬೀಳದ್ದು,
ಕೆಟ್ಟ ದಿನ ಎಲ್ಲರ ಬಾಯಿಗೂ ಬೀಳುವಂಥದು.

ಬಂಡವಾಳವೇ? ಹಡಗಿನ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ
ಇನ್ನೊಬ್ಬರ ಲೆಕ್ಕ ಬರೆದದ್ದಕ್ಕೆ ಸಿಕ್ಕ ಗ್ರಾಚ್ಯುಟಿ,
ಇದಿನಬ್ಬ ಎತ್ತಿದ ಚೀಟಿ ದುಡ್ಡು,
ಅವನ ಹೆಂಡತಿಗೆ ಇವತ್ತಿಗೂ ಹೇಳದ ಒಂದು ಬಳೆ.
ಮೂರು ಬ್ಯಾಂಕುಗಳು ಕ್ಯಾಲೆಂಡರ್ ಕೊಟ್ಟವು.
ಸ್ಪಾನ್ಸರ್ ಖಲ್ಫಾನ್, ಒಳ್ಳೆಯವ,
ಮೊದಲ ವರ್ಷದ ಫೀಸು ಬೇಡ ಎಂದು ನಕ್ಕ.
ಎರಡನೆಯ ವರ್ಷ ಎರಡನ್ನೂ ಸೇರಿಸಿ ನಕ್ಕ.

ಮಾರುಕಟ್ಟೆ ಸಂಶೋಧನೆ ಎಂಬಲ್ಲಿ ಹೀಗೆ ಬರೆ:
ಮೊಂಬಾಸಾದ ಸ್ವಾಲೆಹ್ ಹಳೆ ಗಾಡಿ ಕೊಳ್ಳಲು ಬಂದವ
ಟಾಯ್ಲೆಟ್ ಎಲ್ಲಿ ಎಂದು ಕೇಳಲು ಒಳಗೆ ಬಂದ.
ಹೋಗುವಾಗ ಬಾಗಿಲನ್ನೊಮ್ಮೆ ತೆರೆದು ಮುಚ್ಚಿದ,
ಮತ್ತೊಮ್ಮೆ ಮುಚ್ಚಿ, ಸದ್ದನ್ನು ಕೇಳಿದ.

ಹದಿನಾಲ್ಕು ಬಾಗಿಲು, ನೈವಾಶಾದ ಗುಲಾಬಿ ತೋಟಕ್ಕೆ.
ಕಂಟೇನರಿನ ಹಿಂದೆ ನಿಂತು ಫೋಟೊ ತೆಗೆಸಿಕೊಂಡೆವು.
ಇಲ್ಲಿ ನಲವತ್ತಾರು ಡಿಗ್ರಿಯಲ್ಲಿ ಅಳೆದು ಕತ್ತರಿಸಿದ ರಬ್ಬರು
ಅಲ್ಲಿ ಬೆಟ್ಟದ ತಂಪಿನಲ್ಲಿ ಮೈ ಹಿಡಿದುಕೊಂಡಿತು,
ಮೂಲೆಯಲ್ಲೊಂದು ಬೆರಳು ಕಡಿಮೆ.
ಒಂದು ಬೆರಳಿನ ಸಂದಿಯಲ್ಲಿ
ಎಷ್ಟು ಸಾವಿರ ಹೂ ಬಾಡಬಹುದು, ಗೊತ್ತಾ ನಿನಗೆ?
ನನಗೆ ಗೊತ್ತು. ಬಿಲ್ಲು ಆ ಕಪಾಟಿನಲ್ಲಿದೆ.

ಸಾಗಣೆಯಲ್ಲಿ ಹಾಳಾಯಿತು ಎನ್ನೋಣ,
ಇನ್ಶೂರೆನ್ಸಿನವರು ಕೊಡುತ್ತಾರೆ ಎಂದವರು ಇದ್ದರು.
ನಾನೂ ಒಂದು ರಾತ್ರಿ ಹಾಗೆಯೇ ಅಂದುಕೊಂಡೆ,
ಸುಳ್ಳು ಹೇಳಲಾರೆ.
ಬೆಳಿಗ್ಗೆ ನೋಡಿದರೆ ಇದಿನಬ್ಬ
ಬಟ್ಟೆಯ ಚೀಲದಲ್ಲಿ ರಬ್ಬರು ಸುತ್ತಿಡುತ್ತಿದ್ದ;
ಬಟ್ಟೆಗೆ ಜಾಗವಿರಲಿಲ್ಲ.
ಹನ್ನೊಂದು ದಿನ ಅದೇ ಅಂಗಿಯಲ್ಲಿ
ಹದಿನಾಲ್ಕು ಬಾಗಿಲನ್ನೂ ಹೊಲಿದ ಹಾಗೆ ಕೂರಿಸಿ ಬಂದ.
ಇಂಗ್ಲಿಷ್ ಇಲ್ಲ, ಸ್ವಾಹಿಲಿ ಇಲ್ಲ,
ಬ್ಯಾರಿ ಭಾಷೆಯಲ್ಲಿ ರಬ್ಬರಿಗೆ ಬೈದದ್ದು
ಅಲ್ಲಿಯವರಿಗೆಲ್ಲ ಅರ್ಥವಾಯಿತಂತೆ.

ಎರಡನೆಯ ಆರ್ಡರು ಬಂದದ್ದು ಆಮೇಲೆ. ಮೂರನೆಯದು ಕಂಪಾಲಾದಿಂದ.
ಈಗ ಸ್ವಾಲೆಹ್ ಫೋನಿನಲ್ಲಿ ನನ್ನನ್ನು
ಮಾಮಾ ಮ್ಲಾಂಗೊ ಎನ್ನುತ್ತಾನೆ, ಬಾಗಿಲ ತಾಯಿ.
ಶಿರ್ವದ ಇಗರ್ಜಿಯ ರಿಜಿಸ್ಟರಿನಲ್ಲಿರುವ ಹೆಸರು
ವೀಸಾ ನವೀಕರಣಕ್ಕೆ ಮಾತ್ರ ಬೇಕಾಗುತ್ತದೆ.

ನಾವೀನ್ಯತೆ? ಒಂದರಿಂದ ಐದರೊಳಗೆ ಗುರುತು ಹಾಕಬೇಕೆ?
ಬಾ, ನೋಡು ಆ ಕೋಣೆಯಲ್ಲಿ:
ಹೊರಗೆ ಡಾಂಬರು ಕರಗುವ ಹೊತ್ತಿಗೆ
ಉಣ್ಣೆಯ ಟೊಪ್ಪಿ ಹಾಕಿ ನಡುಗುತ್ತ ನಾಲ್ಕು ಹುಡುಗರು
ರಬ್ಬರು ಅಳೆಯುತ್ತಿದ್ದಾರೆ.
ಯಾವ ಊರಿಗೆ ಹೋಗುತ್ತದೋ ಆ ಊರಿನ ಚಳಿಯಲ್ಲಿ.

ಹುಡುಗ ಬರೆಯುವುದನ್ನು ನಿಲ್ಲಿಸಿದ್ದ.
ಅವನ ಪ್ರಶ್ನಾವಳಿಯಿಂದ ಒಂದು ಹಾಳೆ ಇಸಿದುಕೊಂಡು
ನಾಳೆ ಹಡಗು ಹತ್ತಲಿದ್ದ ಬಾಗಿಲಿನ ಅಂಚಿಗಿಟ್ಟು ಮುಚ್ಚಿದೆ.
ಎಳೆ, ಎಂದೆ.
ಇದು ನಮ್ಮ ಪರೀಕ್ಷೆ. ಕಾಗದ ಬಿಗಿಯಾಗಿ ನಿಲ್ಲಬೇಕು.

ಅವನು ಎಳೆದ.
ಹಾಳೆ ಸರಾಗವಾಗಿ ಕೈಗೆ ಬಂತು.

ನಾಚಿಕೆಯಾಯಿತು. ಹುಡುಗ ಏನೂ ಅನ್ನಲಿಲ್ಲ,
ತಲೆ ತಗ್ಗಿಸಿ ಹಾಳೆಯ ಮಡಿಕೆ ಸರಿಮಾಡಿಕೊಂಡ.
ನಾನು ಒಳಗೆ ಕೂಗಿದೆ:
ಇದಿನಬ್ಬಾ, ಬಂದರಿಗೆ ಫೋನು ಮಾಡು,
ನಾಳೆ ಇದು ಹೋಗುವುದಿಲ್ಲ.