ಚಕ್ಕುಬಂದಿ

ಪೂರ್ವಕ್ಕೆ ಯಂಕಪ್ಪನ ಹೊಲ, ಪಶ್ಚಿಮಕ್ಕೆ ಬಂಡಿದಾರಿ,
ಉತ್ತರಕ್ಕೆ ಸರಕಾರಿ ಹಳ್ಳ, ದಕ್ಷಿಣಕ್ಕೆ
ಮಾರಿದವನ ಕೈಯಲ್ಲೇ ಉಳಿದ ಆರು ಗುಂಟೆ –
ಇಪ್ಪತ್ತೆರಡು ವರ್ಷ ಇದನ್ನೇ ಓದಿದೆ
ಗಂಗಾವತಿಯ ನೋಂದಣಿ ಕಚೇರಿಯ ಮೂರನೇ ಮೇಜಿನಲ್ಲಿ.
ಅಕ್ಕಿಮಿಲ್ಲುಗಳ ಹೊಟ್ಟಿನ ಬೂದಿ ಕಿಟಕಿಯಿಂದ ಬಂದು
ಕಾಗದದ ಮೇಲೆ ಕೂರುತ್ತಿತ್ತು. ಊದುತ್ತಿದ್ದೆ.
ಹೆಬ್ಬೆರಳಿನ ನೇರಳೆ ಮಸಿಯನ್ನು
ಜನ ಹೋಗುತ್ತ ಗೋಡೆಗೆ ಒರೆಸುವರು.
ಆ ಗೋಡೆಯಲ್ಲಿ ನನಗೆ ಗುರುತಿದ್ದ ಬೆರಳುಗಳಿದ್ದವು.

ಬಿಟ್ಟದ್ದೇಕೆ? ಅರ್ಜಿಯಲ್ಲಿ ಬರೆದದ್ದು 'ವೈಯಕ್ತಿಕ'.
ಒಂದು ಮಂಗಳವಾರ ಕ್ರಯಪತ್ರವೊಂದರ
ನಾಲ್ಕೂ ದಿಕ್ಕಿಗೆ ಒಬ್ಬನದೇ ಹೆಸರು ಬಂತು.
ಸುತ್ತಲೂ ಅವನೇ. ನಡುವಿನ ಎರಡೆಕರೆಯೂ
ಇನ್ನು ಅವನದೇ. ಮಾರುತ್ತಿದ್ದ ಮುದುಕಿ
"ಅಡ್ಡಾಡಾಕ ದಾರಿ ಇದ್ದಿಲ್ರಿ" ಅಂದಳು,
ಯಾರೂ ಕೇಳದಿದ್ದರೂ.
ಅವಳು ಎದ್ದುಹೋದ ಮೇಲೂ
ನಾನು ಸೀಲು ಕೈಯಲ್ಲಿ ಹಿಡಿದೇ ಕೂತಿದ್ದೆ.

ಗಾಡಿ ಸಿಕ್ಕದ್ದು ಹರಾಜಿನಲ್ಲಿ. ಎಟಿಎಂಗಳಿಗೆ
ಹಣ ಹೊತ್ತು ತಿರುಗಿದ್ದು. ಮೈಯೆಲ್ಲ ದಪ್ಪ ತಗಡು,
ಪಕ್ಕಕ್ಕೊಂದು ಗುಂಡನೆಯ ಕಿಂಡಿ, ಬಂದೂಕಿನ ಮೂತಿಗೆ.
ಮೌಲಾಸಾಬ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ
"ಇದನ್ನ ಮುಚ್ಚಲೇನ್ರಿ ಮೇಡಂ?" ಅಂದ. ಬೇಡ ಅಂದೆ.
ತಿಜೋರಿ ಇದ್ದಲ್ಲಿ ಮಂಚ, ಅದರಡಿ ನೀರಿನ ಕ್ಯಾನು.
ಮೂರು ತಿಂಗಳು ಮಾತು ಬಿಟ್ಟಿದ್ದ ಅಕ್ಕ
ನೋಡಲು ಬಂದವಳು
ಚಪ್ಪಲಿ ಕೆಳಗೆ ಬಿಟ್ಟು ಹತ್ತಿದಳು.

ಮೊದಲ ವಾರ ಎಲ್ಲೂ ಹೋಗಲಿಲ್ಲ.
ಕಾರಟಗಿಯ ಪೆಟ್ರೋಲ್ ಬಂಕಿನ ಹಿಂದೆ ನಿಂತಿದ್ದೆ,
ಹತ್ತಕ್ಕೆ ಸರಿಯಾಗಿ ಕೈ ಪೆನ್ನು ಹುಡುಕುತ್ತಿತ್ತು.

ಕನಕಗಿರಿ ರಸ್ತೆಯಲ್ಲಿ ಪೊಲೀಸಿನ ಹುಡುಗ:
"ಒಳಗ ಏನೈತ್ರಿ?"
"ಮನಿ."
ಅವನ ಕೈ ಲಾಠಿಗೆ ಹೋಯಿತು.
ಬಾಗಿಲ ಮೇಲೆ ಕೆರೆದುಹಾಕಿದ ಬ್ಯಾಂಕಿನ ಹೆಸರು
ಇನ್ನೂ ಅರ್ಧ ಓದಲು ಬರುತ್ತಿತ್ತು.
ಇಳಿದು, ಬಾಗಿಲು ತೆರೆದು, ಕುಕ್ಕರು ತೋರಿಸಿದೆ.

ಕೊಯ್ಲಾದ ಗದ್ದೆ. ಎಡದಂಡೆ ಕಾಲುವೆಯಲ್ಲಿ ಮೊಣಕಾಲು ನೀರು.
ಅಲ್ಲಿ ಕುರಿ ತರುಬಿದ್ದರು. ಮಾಳವ್ವ ಬಲೆಯ ಆಚೆಯಿಂದ
ಗಾಡಿಯನ್ನು ಮೇಲಿಂದ ಕೆಳಗೆ ನೋಡಿ,
"ನಾವು ಒಂದ್ ರಾತ್ರಿ ತಂಗಿದ್ರ ಹೊಲದವ ರೊಕ್ಕ ಕೊಡತಾನ.
ನಿನ್ ಗಾಡಿ ಹಿಕ್ಕಿ ಹಾಕಂಗಿಲ್ಲ.
ನಿನಗ ಯಾರ್ ಕೊಡತಾರವ್ವಾ?"
ನಕ್ಕೆ. ಒಳಗೆ ಹೋಗಿ ಲೆಕ್ಕ ಹಾಕಿದೆ, ಪಿಂಚಣಿ, ಡೀಸೆಲ್ಲು, ಟೈರು.
ನಗು ನಿಂತಿತು.
ಅವಳು ಒಂದು ಚೊಂಬು ಹಾಲು ಕೊಟ್ಟಳು,
ನಾನು ಅವಳ ಫೋನನ್ನು ಚಾರ್ಜಿಗೆ ಹಾಕಿದೆ.

ಹಿರೇಬೆಣಕಲ್ಲಿನ ಗುಡ್ಡ ಹತ್ತಿದ್ದು ಮರುವಾರ.
ಮೋರೇರ ಮನೆಗಳಂತೆ. ಮೂರು ಚಪ್ಪಡಿ ನಿಂತು
ಮೇಲೊಂದು ಚಪ್ಪಡಿ ಮಲಗಿ, ಮುಂದಿನ ಕಲ್ಲಿಗೆ
ಗುಂಡನೆಯ ಕಿಂಡಿ. ತಲೆ ತೂರಿಸಿದೆ.
ನೆರಳು, ಒಂದು ಓತಿಕ್ಯಾತ,
ಯಾರೂ ಖಾತೆ ಮಾಡಿಸಿಕೊಳ್ಳದ ತಂಪು.
ಮನೆಯೋ ಗೋರಿಯೋ ಎಂದು ಊರವರಿಗೂ ಅನುಮಾನ.
ಏಪ್ರಿಲ್ ಮಧ್ಯಾಹ್ನ ನನ್ನ ತಗಡಿನೊಳಗೆ ಮಲಗಿ
ಬೆವರು ಒರೆಸಿಕೊಳ್ಳುವಾಗ
ಆ ಅನುಮಾನ ನನಗೂ ಬಂದದ್ದುಂಟು.

ರಾತ್ರಿ ಹಳೆಯ ಚಾಳಿ. ನೋಟ್‌ಬುಕ್ಕು ತೆಗೆದೆ.
ಸದರಿ ಸ್ವತ್ತಿನ ಚಕ್ಕುಬಂದಿ:
ಪೂರ್ವಕ್ಕೆ ಬೇವಿನ ಮರ, ಅದಕ್ಕೆ ಸಿಕ್ಕಿಕೊಂಡ ಗಾಳಿಪಟ,
ಪಶ್ಚಿಮಕ್ಕೆ ಯಾರದೋ ಬೋರಿನ ಸದ್ದು,
ಉತ್ತರಕ್ಕೆ ಗುಡ್ಡ, ಬಾಗಿಲಿಲ್ಲದ ನೆರೆಯವರು.
ದಕ್ಷಿಣಕ್ಕೆ –
ಬಂದೂಕಿನ ಕಿಂಡಿಗೆ ಕಣ್ಣಿಟ್ಟೆ. ಕತ್ತಲೆ.
ನಾಯಿಯೊಂದು ಎದ್ದು ಮೈ ಕೊಡವಿಕೊಂಡು
ಎಲ್ಲಿಗೋ ಹೋಯಿತು.
ಆ ಸಾಲು ಹಾಗೇ ಬಿಟ್ಟೆ.
ಖಾಲಿ ಜಾಗ ಬಿಟ್ಟ ಪತ್ರ ನೋಂದಣಿಯಾಗುವುದಿಲ್ಲ,
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.