ಜೋತು

ಶನಿವಾರ ಹತ್ತಕ್ಕೆ ನನ್ನ ಪಾಳಿ.
ಕೀಲಿ ದೊಡ್ಡದು, ಬಾಗಿಲು ಅದಕ್ಕಿಂತ ಮೊಂಡು.
ಒಳಗೆ ಎಂಟುನೂರು ವರ್ಷದ ತಂಪು,
ಅದರ ಮೇಲೆ ನಿನ್ನೆ ರಾತ್ರಿಯ ಹಿಕ್ಕೆ.

ಕರ್ತನ ಮೇಜಿಗೆ ಪ್ಲಾಸ್ಟಿಕ್ ಹೊದಿಕೆ.
ಶಿಲುಬೆಗೆ ಬಡಿದ ಹಿತ್ತಾಳೆ ಮೈಯ ಪಕ್ಕೆಗೆ
ಉಚ್ಚೆಯ ಹಸಿರು ಕಲೆ;
ನಿಂಬೆ ಹಾಕಿ ಉಜ್ಜುತ್ತೇನೆ, ಹೋಗುವುದಿಲ್ಲ.
ನಾರ್ಫಕ್ಕಿನ ಈ ಮೂಲೆಯಲ್ಲಿ
ಭಾನುವಾರದ ಸಭೆ ನಾವು ಒಂಬತ್ತು ಜನ,
ನಾಯಿ ಸೇರಿದರೆ ಹತ್ತು.
ಮಾಡಿನ ತೊಲೆಯಲ್ಲಿ ಬಾವಲಿ ಮುನ್ನೂರು.

'ಓಡಿಸಲು ಕಾನೂನು ಬಿಡದು'
ಎನ್ನುತ್ತಾಳೆ ಮಾರ್ಜರಿ ಗೆಜ್.
ಕಾನೂನಿನ ಮೇಲೂ ದೇವರ ಮೇಲೂ ಅವಳಿಗೆ ಒಂದೇ ಮುನಿಸು.
ಗಂಡನ ಶವಪೆಟ್ಟಿಗೆಯ ಮೇಲೂ
ಬಿದ್ದಿತ್ತಂತೆ ಎರಡು ಕಾಳು.
ಜೀರಿಗೆಯ ಹಾಗೆ, ಅಂದೆ. ನಗಲಿಲ್ಲ.

ಮೇ ತಿಂಗಳಲ್ಲಿ ಎಣಿಕೆಗೆ ಬಂದ ಹುಡುಗ ಕ್ಯಾಲಮ್
ಅಂಗೈಯಷ್ಟು ಯಂತ್ರ ತಂದಿದ್ದ.
ಕಿವಿಗೆ ನಿಲುಕದ್ದನ್ನು ಇಳಿಸಿ ಕೊಡುತ್ತದೆ, ಎಂದ.
ದೀಪ ಆರಿಸಿ ಗುಂಡಿ ಒತ್ತಿದ್ದೇ ತಡ
ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ
ತೊಲೆ ಕಂಬ ಕಿಟಕಿ ಗೋರಿಕಲ್ಲು
ಎಲ್ಲ ಚಟಪಟ, ಚಟಪಟ.
ಇಷ್ಟು ವರ್ಷ ಇಲ್ಲಿ ಮೊಣಕಾಲೂರಿ
ನಾನು ಮೌನ ಎಂದುಕೊಂಡದ್ದು ಇದನ್ನೇ.

ಜೂನಿನಲ್ಲಿ, ದೀಕ್ಷಾಸ್ನಾನದ ಒಣತೊಟ್ಟಿಯೊಳಗೆ ಒಂದು ಮರಿ.
ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ,
ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟು.
ಕೈಗವಸಿನಲ್ಲೇ ಎತ್ತಿಕೊಂಡೆ.
ರಬ್ಬರಿನಾಚೆಯಿಂದಲೂ ಬಡಿಯುತ್ತಿತ್ತು.
ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ನಾಡಿ ಹಿಡಿದ ಬೆರಳು ನನ್ನದು,
ಲೆಕ್ಕ ತಪ್ಪಿತು.
ಬೇರೇನೂ ಕೈಗೆ ಸಿಗದೆ
ರೊಟ್ಟಿ ಮುಚ್ಚುವ ಬಿಳಿಯ ಚೌಕದಲ್ಲಿ ಸುತ್ತಿದೆ.
ಮಾರ್ಜರಿಗೆ ಇನ್ನೂ ಹೇಳಿಲ್ಲ.

ಮುಸ್ಸಂಜೆ ಕ್ಯಾಲಮ್ ಏಣಿ ಹತ್ತಿ
ತೊಲೆಯ ಸಂದಿಗೆ ಅದನ್ನು ತಗುಲಿಸಿ ಇಳಿದ.
ಕಾದೆವು. ಚಹಾ ಆರಿತು.
ಆಮೇಲೆ ಕತ್ತಲಿನದೇ ಒಂದು ಚೂರು
ಕಳಚಿ ಬಂದು, ಸುತ್ತಿ ಸುತ್ತಿ,
ತನ್ನ ಚೂರನ್ನು ಅವುಚಿಕೊಂಡು ಹೋಯಿತು.

ಉಡುಪಿಯ ಮಿಶನ್ ಕಾಂಪೌಂಡಿನಲ್ಲಿ ಅಜ್ಜಿ
ಹೊತ್ತಲ್ಲದ ಹೊತ್ತಿಗೆ ನೆಂಟರು ಬಂದರೆ
ನಗುತ್ತ ಹೇಳುತ್ತಿದ್ದಳು:
ಬಾವಲಿ ಮನೆಗೆ ಬಾವಲಿ ಬಂದರೆ
ನಾನೂ ಜೋತುಬೀಳುವೆ, ನೀನೂ ಜೋತುಬೀಳು.
ಆಮೇಲೆ ಗಂಜಿಗೆ ಇನ್ನೊಂದು ಚೊಂಬು ನೀರು.

ಇವತ್ತು ಹಿತ್ತಾಳೆ ಉಜ್ಜುವಾಗ ಆ ಮಾತು ನೆನಪಾಗಿ
ಕೈ ನಿಂತಿತು.
ನಮ್ಮಲ್ಲಿಗೆ ಬಂದಾತ
ಕುರ್ಚಿ ಕೇಳಲಿಲ್ಲ.

ಕಲೆಯನ್ನು ಹಾಗೆಯೇ ಬಿಟ್ಟು
ಬಕೆಟ್ಟು ಎತ್ತಿಕೊಂಡೆ.
ನಾಳೆ ಆರಾಧನೆಗೆ ಒಂಬತ್ತು ಜನ, ನಾಯಿ,
ಮುನ್ನೂರ ಒಂದು.