ಸೊನ್ನೆಯ ಕೆಳಗೆ ಸೊನ್ನೆ

ಗ್ರಿಮ್ಸ್‌ಬಿ. ಮಂಗಳವಾರ, ಸಂಜೆ ಏಳರ ತರಗತಿ.
ಹೀಟರ್ ಕೆಮ್ಮುತ್ತಿದೆ. ಬೋರ್ಡಿನ ಮೇಲೆ
ಸೊನ್ನೆಯ ಕೆಳಗೆ ಸೊನ್ನೆ.

ಗ್ಲೆನಿಸ್ ಥೋರ್ಲಿಗೆ ಅರವತ್ತೊಂದು.
ನಲವತ್ತು ವರ್ಷ ಕಾಡ್ ಮೀನು ಸೀಳಿದ ಬೆರಳು
ಪೆನ್ಸಿಲನ್ನೂ ಚೂರಿಯಂತೆಯೇ ಹಿಡಿಯುತ್ತದೆ.
'ಇಲ್ಲದ್ದನ್ನು ಇಲ್ಲದ್ದರಿಂದ ಭಾಗಿಸಿದರೆ
ಸಿಗುವುದೇನು ಮೇಷ್ಟ್ರೇ, ಮಣ್ಣು?'

ಎಷ್ಟಿದೆ ಎಂದು ಕೇಳಬೇಡಿ, ಅಂದೆ.
ಇಬ್ಬರದೂ ಬರಿಗೈ. ಯಾರು ಯಾವ ವೇಗದಲ್ಲಿ
ಬರಿದಾಗುತ್ತ ಬಂದರು, ಅದನ್ನು ಕೇಳಿ.
ಮೇಲಿನದಕ್ಕೊಂದು ಅವಕಲನ, ಕೆಳಗಿನದಕ್ಕೊಂದು,
ಬೇರೆಬೇರೆಯಾಗಿ; ಒಟ್ಟಿಗೆ ಕಲಸಬೇಡಿ.

ಅವರು ಕಿಟಕಿಯತ್ತ ತಿರುಗಿದರು.
ಅಲ್ಲಿ ಹಳೆಯ ಡಾಕ್ ಇತ್ತು, ಕತ್ತಲಿತ್ತು.
'ಮೊದಲು ಮುಗಿದದ್ದು ದೋಣಿಯೋ ಮೀನೋ ಅಂತ
ಅಪ್ಪನಿಗೂ ಚಿಕ್ಕಪ್ಪನಿಗೂ ಸಾಯುವ ತನಕ ಜಗಳ.
ಇಬ್ಬರೂ ಲೆಕ್ಕ ಹಾಕಿದ್ದು ಕೊನೆಯ ದಿನದ್ದು.'

ಒಂದರಲ್ಲಿ ಕೊಸೈನ್ ಎಕ್ಸ್ ಕಳೆದು
ಎಕ್ಸಿನ ವರ್ಗದಿಂದ ಭಾಗಿಸಬೇಕು.
ಒಮ್ಮೆ ಮಾಡಿದರು: ಮೇಲೆ ಸೈನ್ ಎಕ್ಸ್, ಕೆಳಗೆ ಎರಡು ಎಕ್ಸ್.
ಮತ್ತೆ ಅದೇ ಸೊನ್ನೆ, ಅದರಡಿ ಅದೇ ಸೊನ್ನೆ.
ನಾನು ಬಾಯಿಬಿಡಲಿಲ್ಲ.
ರಬ್ಬರಿನ ಪುಡಿ ಊದಿ ಇನ್ನೊಮ್ಮೆ ಸೀಳಿದರು,
ಮುಳ್ಳು ಸಿಗುವ ತನಕ ಸೀಳುವ ಹಾಗೆ.

ಅರ್ಧ.

'ಬರೀ ಅರ್ಧವೇ?' ಎಂದು ನಕ್ಕರು, ಪೂರ್ತಿ ಸಿಕ್ಕವರಂತೆ.

ಮುಂದಿನ ಲೆಕ್ಕದಲ್ಲಿ ಕೆಳಗುಳಿಯುವುದು ಮೂರು.
ಅದೇ ಹುಮ್ಮಸ್ಸಿನಲ್ಲಿ ಅದನ್ನೂ ಸೀಳಿಬಿಟ್ಟರು.
ಕೆಂಪು ಶಾಯಿಯಲ್ಲಿ ಬರೆದೆ:
ಬರಿದಾಗದ್ದನ್ನು ಬರಿದೆಂದು ಕೊಯ್ಯಬೇಡಿ.
ಆಮೇಲೆ ಅದನ್ನು ಹೊಡೆದುಹಾಕಿ,
'ಮೊದಲು ಎಕ್ಸ್ ಜಾಗದಲ್ಲಿ ಸೊನ್ನೆ ಇಟ್ಟು ನೋಡಿ' ಎಂದಷ್ಟೇ.